ಅವಳ ಹೆಸರಿನಲ್ಲಿ ಯಾರೋ ಕೆಲಸಕ್ಕಿದ್ದರು

ಲ್ಯಾಪ್‌ಟಾಪಿನ ಪರದೆಯ ಮೇಲೆ ಬಾಣದ ಗುರುತು ತಾನಾಗಿಯೇ ಓಡಾಡುತ್ತದೆ ಎಂದು ಶಿಡ್ಲಘಟ್ಟದ ಗೆಳತಿ ಫೋನ್ ಮಾಡಿದಾಗ ನಾನು ಮೊದಲು ಅನುಮಾನಪಟ್ಟದ್ದು ಧೂಳಿನ ಮೇಲೆ. ಅವರ ಮನೆಯ ಹಿಂದಿನ ಬೀದಿಯಲ್ಲಿ ರೇಷ್ಮೆ ನೂಲು ಬಿಚ್ಚುವ ಶೆಡ್ಡುಗಳಿವೆ. ಕಿಟಕಿ ತೆರೆದಿಟ್ಟರೆ ಒಲೆಯ ಬೂದಿ ಒಳಗೆ ಬಂದು ಮೇಜಿನ ಮೇಲೆ ಕೂರುತ್ತದೆ. ಮೌಸಿನ ಅಡಿಗೆ ಬೂದಿ ಸೇರಿದರೆ ಬಾಣ ನಡುಗುವುದುಂಟು. ಒರೆಸಿ ನೋಡು ಎಂದೆ.

“ನಡುಗ್ತಿಲ್ಲ ಅಕ್ಕ,” ಎಂದಳು. “ಏನೋ ಹುಡುಕೋ ಥರ ಹೋಗ್ತದೆ, ಬರ್ತದೆ. ನಾನು ಅಡುಗೆಮನೆ ಬಾಗಿಲಲ್ಲಿ ನಿಂತ್ಕೊಂಡು ನೋಡ್ದೆ. ನಾನು ನೋಡ್ತಿರೋದು ಅದಕ್ಕೆ ಗೊತ್ತಿಲ್ಲ.”

ಮರುದಿನ ಬರುತ್ತೇನೆ, ಅಲ್ಲಿಯವರೆಗೆ ಏನನ್ನೂ ಮುಟ್ಟಬೇಡ ಎಂದು ಹೇಳಿ ಫೋನ್ ಇಟ್ಟೆ. ಆದರೆ ಅವಳ ಕೊನೆಯ ಮಾತು ಮನಸ್ಸಿನಿಂದ ಹೋಗಲಿಲ್ಲ.

ನಾನು ಚಿಕ್ಕಬಳ್ಳಾಪುರದಲ್ಲಿದ್ದುಕೊಂಡು ಬೆಂಗಳೂರಿನ ಒಂದು ಸಂಸ್ಥೆಯ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಚಿಂತಾಮಣಿಯಲ್ಲಿ ಡಿಪ್ಲೊಮಾ ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುವ ಉಪನ್ಯಾಸಕಿಯೊಬ್ಬರ ಜೊತೆ ಸೇರಿ ಒಂದು ಸಣ್ಣ ಬಳಗ ಕಟ್ಟಿಕೊಂಡಿದ್ದೆ. ಬಿಸಿಎ, ಎಂಸಿಎ, ಎಂಜಿನಿಯರಿಂಗ್ ಓದಿ, ಮದುವೆ ಮಕ್ಕಳು ಎಂದು ಕೆಲಸ ಬಿಟ್ಟ ನಮ್ಮ ಸುತ್ತಲಿನ ಹೆಣ್ಣುಮಕ್ಕಳಿಗಾಗಿ. ತಿಂಗಳಿಗೊಂದು ಶನಿವಾರ ಒಂದು ಟ್ಯೂಷನ್ ಸೆಂಟರಿನ ಮಹಡಿಯಲ್ಲಿ ಸೇರುತ್ತಿದ್ದೆವು. ಒಬ್ಬರ ಬಯೋಡೇಟಾ ಇನ್ನೊಬ್ಬರು ತಿದ್ದುವುದು, ಅಣಕು ಸಂದರ್ಶನ ಮಾಡಿ ಬಾಯಿ ಕಟ್ಟದಂತೆ ತಯಾರು ಮಾಡುವುದು, ನಮ್ಮ ನಮ್ಮ ಕಂಪನಿಗಳಲ್ಲಿ ಜಾಗ ಖಾಲಿಯಿದ್ದರೆ ಹೆಸರು ಹೇಳುವುದು, ಇಷ್ಟೇ ನಮ್ಮ ಕೆಲಸ. ಎಲ್ಲರಿಗೂ ಎದುರಾಗುತ್ತಿದ್ದ ಪ್ರಶ್ನೆ ಒಂದೇ: ಇಷ್ಟು ವರ್ಷ ಮನೆಯಲ್ಲಿ ಏನು ಮಾಡುತ್ತಿದ್ದಿರಿ?

ಆ ಪ್ರಶ್ನೆ ಕೇಳದೆ ಬಂದವಳು ಏಜೆನ್ಸಿ ಮೇಡಂ. ಕೆಲಸಕ್ಕೆ ಜನ ಒದಗಿಸುವ ಏಜೆನ್ಸಿಯವಳೆಂದು ಹೇಳಿಕೊಂಡು ಒಂದು ಶನಿವಾರ ನಮ್ಮ ಸಭೆಗೆ ಬಂದಳು. ನಲವತ್ತರ ಆಸುಪಾಸು, ಹತ್ತಿ ಸೀರೆ, ನಮ್ಮ ಕಡೆಯದೇ ಮಾತು. ತನ್ನ ತಾಯಿಯ ಊರು ವಿದುರಾಶ್ವತ್ಥದ ಹತ್ತಿರ ಎಂದಳು. ಬೇರೆ ಕಂಪನಿಯವರು ಮೂಗು ಮುರಿಯುತ್ತಿದ್ದ ಆ ಖಾಲಿ ವರ್ಷಗಳೇ ತನಗೆ ಬೇಕಾದ ಅರ್ಹತೆ ಎಂದಳು. “ಗ್ಯಾಪ್ ಇರೋರೇ ನಮಗೆ ಬೇಕು. ಅವರು ನಿಯತ್ತಾಗಿ ಮಾಡ್ತಾರೆ.” ಕೇಳಿ ಕೆಲವರ ಕಣ್ಣು ತುಂಬಿಬಂದವು. ನಾನು ಏಜೆನ್ಸಿಯ ನೋಂದಣಿ, ವಿಳಾಸ, ವೆಬ್‌ಸೈಟು ಎಲ್ಲವನ್ನೂ ಹುಡುಕಿ ನೋಡಿದೆ. ಎಲ್ಲ ಸರಿಯಾಗಿಯೇ ಇತ್ತು. ಅವಳು ಕಳಿಸಿದ ಫಾರಂನಲ್ಲಿ ಸಭೆಗೆ ಬಂದಿದ್ದವರೆಲ್ಲ ಆಧಾರ್, ಪ್ಯಾನ್, ಅಂಕಪಟ್ಟಿಗಳನ್ನು ಹಾಕಿದರು. ಆಯ್ಕೆಯಾದವರು ಇಬ್ಬರು. ಒಬ್ಬಳು ಶಿಡ್ಲಘಟ್ಟದ ಗೆಳತಿ, ಇನ್ನೊಬ್ಬಳು ಗೌರಿಬಿದನೂರು ಕಡೆಯ ಜಮೀನ್ದಾರರ ಮನೆಯ ಸೊಸೆ.

ಇಬ್ಬರ ಮನೆಗೂ ಲ್ಯಾಪ್‌ಟಾಪ್ ಬಂತು. ಬೆಳಗ್ಗೆ ಕ್ಯಾಮೆರಾ ಮುಂದೆ ಕೂತು, ಪರದೆಯ ಮೇಲೆ ಮೂಡುವ ಇಂಗ್ಲಿಷ್ ಸಾಲುಗಳನ್ನು ಓದಿ, ಮುಖವನ್ನು ಎಡಕ್ಕೆ ಬಲಕ್ಕೆ ತಿರುಗಿಸಬೇಕು. ಅದು ಹಾಜರಿ. ಆಮೇಲೆ ಮೊಬೈಲಿಗೆ ಬರುವ ಫೋಟೋಗಳಲ್ಲಿ ಇದು ಕಾರು, ಇದು ಮರ ಎಂದು ಗುರುತು ಹಾಕುವ ಕೆಲಸ, ಎರಡು ಮೂರು ಗಂಟೆಯದು. ಉಳಿದ ಹೊತ್ತು ಲ್ಯಾಪ್‌ಟಾಪನ್ನು ಮುಚ್ಚಬಾರದು, ಪ್ಲಗ್ ತೆಗೆಯಬಾರದು, ಅಷ್ಟೆ. ತಿಂಗಳ ಕೊನೆಗೆ ತಪ್ಪದೆ ಸಂಬಳ. ನಮ್ಮ ಬಳಗಕ್ಕೆ ಅದೇ ದೊಡ್ಡ ಗೆಲುವಾಗಿತ್ತು.

ಮರುದಿನ ಮಧ್ಯಾಹ್ನ ಶಿಡ್ಲಘಟ್ಟದ ಬಸ್ಸಿಳಿದು ಅವರ ಮನೆಗೆ ಹೋದೆ. ಅವಳ ಗಂಡ ಕೆಲಸಕ್ಕೆ ಹೋಗಿದ್ದ, ಮಕ್ಕಳು ಶಾಲೆಯಲ್ಲಿದ್ದರು. ಅತ್ತೆ ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಲ್ಯಾಪ್‌ಟಾಪ್ ನೋಡಲು ಬಂದೆ ಎಂದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. “ಅದರ ಪಾಡಿಗೆ ಅದು ಕೆಲ್ಸ ಮಾಡ್ತಿರ್ತದೆ ಬಿಡಮ್ಮ. ಇವಳು ಪಕ್ಕದಾಗೆ ಇದ್ರೆ ಸಾಕು,” ಎಂದರು. ಕಂಪ್ಯೂಟರ್ ಅಂದರೆ ಹಾಗೆಯೇ ಎಂದು ಅವರು ತಿಳಿದಿದ್ದರು.

ಲ್ಯಾಪ್‌ಟಾಪ್ ಒಳಕೋಣೆಯ ಮೇಜಿನ ಮೇಲಿತ್ತು. ನಾವಿಬ್ಬರೂ ಅದರ ಕ್ಯಾಮೆರಾಕ್ಕೆ ಬೀಳದಂತೆ ಬಾಗಿಲ ಪಕ್ಕದಲ್ಲಿ ಗೋಡೆಗೊರಗಿ ನಿಂತೆವು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಾಣ ಕದಲಿತು. ಅದು ನಡುಕವಲ್ಲ. ತನಗೆ ಬೇಕಾದದ್ದು ಎಲ್ಲಿದೆ ಎಂದು ಗೊತ್ತಿರುವವರ ಕೈ. ಒಂದು ಕಿಟಕಿ ತೆರೆಯಿತು, ಇನ್ನೊಂದು ಮುಚ್ಚಿತು. ಪ್ರೋಗ್ರಾಮಿನ ಸಾಲುಗಳು ಸರಸರನೆ ಮೇಲೆ ಹೋದವು. ಒಂದು ಕಡೆ ನಿಂತು ಎರಡು ಸಾಲು ಅಳಿಸಿಹೋಗಿ ಬೇರೆ ಮೂರು ಸಾಲು ಬಂದವು. ನೋಡುತ್ತಿದ್ದವಳಿಗೆ, ಆ ತಿದ್ದುಪಡಿ ಸರಿಯಾಗಿದೆಯಲ್ಲ ಎಂದು ಒಂದು ಕ್ಷಣ ಅನ್ನಿಸಿಯೂ ಬಿಟ್ಟಿತು. ಆಮೇಲೆ ಮೇಲ್ ತೆರೆದು, ಒಪ್ಪಿಸಬೇಕಾಗಿದ್ದ ಭಾಗ ಮುಗಿದಿದೆ ಎಂದು ಯಾರಿಗೋ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಿತು. ಕೊನೆಯಲ್ಲಿ ಒಂದೊಂದೇ ಅಕ್ಷರವಾಗಿ ಹೆಸರು ಮೂಡಿತು.

ಗೆಳತಿ ನನ್ನ ಮುಂಗೈ ಹಿಡಿದುಕೊಂಡಳು. ಅದು ಅವಳ ಹೆಸರು.

ನನ್ನ ಮೊಬೈಲಿನಲ್ಲಿ ಕೆಲವು ಫೋಟೋ ತೆಗೆದುಕೊಂಡೆ. ಆಮೇಲೆ ಗೋಡೆ ಪಕ್ಕದಿಂದಲೇ ಬಗ್ಗಿ ವೈರುಗಳನ್ನು ನೋಡಿದೆ. ಲ್ಯಾಪ್‌ಟಾಪಿನಿಂದ ಎರಡು ವೈರು ಹೊರಟು ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿಯೊಂದಕ್ಕೆ ಸೇರಿದ್ದವು. ಆ ಡಬ್ಬಿಯಿಂದ ಇನ್ನೊಂದು ವೈರು ಇಂಟರ್ನೆಟ್ ಪೆಟ್ಟಿಗೆಗೆ ಹೋಗಿತ್ತು. ಕರೆಂಟ್ ಹೆಚ್ಚು ಕಮ್ಮಿಯಾದರೆ ಲ್ಯಾಪ್‌ಟಾಪ್ ಸುಡದಿರಲಿ ಎಂದು ಕೊಟ್ಟಿದ್ದಾರೆ ಎಂದು ಅವಳು ಹೇಳಿದ್ದಳು. ನನಗೆ ಆ ಡಬ್ಬಿ ಹೊಸದಲ್ಲ. ನಾವು ಸರ್ವರುಗಳಿರುವ ಕೋಣೆಗೆ ಹೋಗದೆ ದೂರದಿಂದ ಕೆಲಸ ಮಾಡಬೇಕಾದಾಗ ಇಂಥದನ್ನೇ ಬಳಸುತ್ತೇವೆ. ಅದನ್ನು ಸಿಕ್ಕಿಸಿದರೆ ಆ ಯಂತ್ರದ ಪರದೆ, ಕೀಬೋರ್ಡು, ಮೌಸು ಮೂರೂ ಪ್ರಪಂಚದ ಯಾವ ಮೂಲೆಯಲ್ಲಿರುವವರ ಕೈಗೂ ಸಿಗುತ್ತವೆ. ಲ್ಯಾಪ್‌ಟಾಪಿಗೆ ಮಾತ್ರ ಎದುರಿಗೇ ಯಾರೋ ಕೂತಿದ್ದಾರೆ ಅನ್ನಿಸುತ್ತದೆ.

ಮಾತಾಡಲು ಬಾಯಿ ತೆರೆದವಳು ಸುಮ್ಮನಾದೆ. ಆ ಲ್ಯಾಪ್‌ಟಾಪಿಗೆ ಕಿವಿಯೂ ಇದೆ. ಅವಳಿಗೆ ಕಣ್ಸನ್ನೆ ಮಾಡಿ ತಾರಸಿಗೆ ಕರೆದುಕೊಂಡು ಹೋದೆ.

ಒಣಹಾಕಿದ ಬಟ್ಟೆಗಳ ನಡುವೆ ನಿಂತು, ನನಗೆ ತಿಳಿದಷ್ಟನ್ನು ಹೇಳಿದೆ. ಯಾವುದೋ ಕಂಪನಿ ಅವಳ ಹೆಸರು, ಅವಳ ಅಂಕಪಟ್ಟಿ, ಅವಳ ಮುಖ ನೋಡಿ ಅವಳನ್ನೇ ಕೆಲಸಕ್ಕೆ ತೆಗೆದುಕೊಂಡಿದೆ. ಲ್ಯಾಪ್‌ಟಾಪ್ ಉದ್ಯೋಗಿಯ ಮನೆಯಲ್ಲಿಯೇ ಇರಬೇಕೆಂಬುದು ಅವರ ನಿಯಮವಿರಬೇಕು. ಆದ್ದರಿಂದ ಅದು ಇಲ್ಲಿದೆ. ಕೆಲಸ ಮಾಡುತ್ತಿರುವವರು ಬೇರೆ. ಬೆಳಗಿನ ಹಾಜರಿ ಎಂದು ತೆಗೆದುಕೊಂಡ ಮುಖ, ಧ್ವನಿ ಎಲ್ಲ ಆ ಬೇರೆಯವರು ಕ್ಯಾಮೆರಾದಲ್ಲಿ ಅವಳಂತೆ ಕಾಣುವುದಕ್ಕೆ, ಕೇಳಿಸುವುದಕ್ಕೆ. ಖಾಲಿ ವರ್ಷಗಳಿರುವವರೇ ಬೇಕು ಅಂದದ್ದು, ಅಂಥವರ ಹೆಸರು ಬೇರೆಲ್ಲೂ ಕೆಲಸದಲ್ಲಿರುವುದಿಲ್ಲ ಎಂದು.

ಅವಳು ಹಗ್ಗದ ಮೇಲಿದ್ದ ಒಂದು ಬಟ್ಟೆ ತೆಗೆದು ಮಡಿಸಿದಳು. ಆಮೇಲೆ ಕೇಳಿದಳು: “ಅಕ್ಕ, ಅವರು ಅಲ್ಲಿ ಏನಾದ್ರೂ ಕದ್ರೆ?”

“ಕದ್ದೋರ ಹೆಸರು ನಿಂದೇ ಆಗಿರ್ತದೆ,” ಎಂದೆ. ಸುತ್ತಿ ಬಳಸಿ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ.

ಅಲ್ಲಿಂದಲೇ ಚಿಂತಾಮಣಿಯ ಉಪನ್ಯಾಸಕಿಗೆ ಫೋನ್ ಮಾಡಿದೆ. ಅವರು ಯೋಚಿಸಲೂ ಇಲ್ಲ. “ಈಗಿಂದೀಗ ಕಿತ್ತಾಕಿ ವೈರು. ಇನ್ನೊಂದು ನಿಮಿಷವೂ ಅದು ಆ ಹುಡುಗಿ ಹೆಸರಲ್ಲಿ ನಡೀಬಾರ್ದು,” ಎಂದರು. ನನ್ನ ತಲೆ ಬೇರೆ ರೀತಿ ಓಡಿತು. ವೈರು ಕಿತ್ತ ಕೂಡಲೆ ಆ ಕಡೆಯವರಿಗೆ ಗೊತ್ತಾಗುತ್ತದೆ. ಆಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಸುಮ್ಮನಿರುವ ಒಂದು ಲ್ಯಾಪ್‌ಟಾಪ್, ಮತ್ತು ನಾನು ಮಾಡಲಿಲ್ಲ ಎಂದು ಹೇಳುವ ಒಬ್ಬ ಹೆಂಗಸು. ನಡೆಯುತ್ತಿರುವಾಗಲೇ ಪೊಲೀಸರು ಕಣ್ಣಾರೆ ನೋಡಿದರೆ ಅವಳ ಮಾತಿಗೆ ಬೆಲೆ ಬರುತ್ತದೆ. ಮರುದಿನ ಬೆಳಗ್ಗೆ ಚಿಕ್ಕಬಳ್ಳಾಪುರದ ಸೈಬರ್ ಠಾಣೆಗೆ ಹೋಗಿ ಅವರನ್ನು ಕರೆತರುವವರೆಗೆ ಹಾಗೆಯೇ ಓಡಲಿ ಎಂದೆ. ಉಪನ್ಯಾಸಕಿ ಒಪ್ಪಲಿಲ್ಲ, ಆದರೆ ಯಂತ್ರದ ವಿಷಯ ನಿಮಗೆ ಚೆನ್ನಾಗಿ ಗೊತ್ತು ಎಂದು ನನಗೇ ಬಿಟ್ಟರು. ಗೆಳತಿ ನನ್ನ ಮುಖ ನೋಡಿ ತಲೆಯಾಡಿಸಿದಳು. ಆ ನಿರ್ಧಾರ ನನ್ನದು.

ವಾಪಸ್ ಬರುವಾಗ ಬಸ್ಸಿನಿಂದಲೇ ಗೌರಿಬಿದನೂರಿನವಳಿಗೆ ಫೋನ್ ಮಾಡಿ ವಿಷಯ ಹೇಳಿದೆ. ಯಾರಿಗೂ ಬಾಯಿ ಬಿಡಬೇಡ, ಲ್ಯಾಪ್‌ಟಾಪ್ ಮುಟ್ಟಬೇಡ, ನಾಳೆ ನಿಮ್ಮ ಮನೆಗೂ ಬರುತ್ತೇವೆ ಎಂದೆ. ಅವಳು ಆಯ್ತಕ್ಕ ಎಂದಳು. ಆ ಎರಡು ಮಾತಿನಲ್ಲಿ ನಂಬಿಕೆ ಇರಲಿಲ್ಲ ಎಂದು ಆಗಲೇ ಗೊತ್ತಾಗಬೇಕಿತ್ತು. ಆ ಕೆಲಸ ಬಂದ ಮೇಲೆ ಅವಳ ಮಾವ ಮನೆಯ ಮುಂದಿನ ಕೋಣೆಯಲ್ಲಿ ಅವಳಿಗೊಂದು ಮೇಜು ಹಾಕಿಸಿದ್ದರು. ಬಂದವರಿಗೆಲ್ಲ ನಮ್ಮ ಸೊಸೆ ಕಂಪನಿ ಕೆಲಸ ಮಾಡ್ತಾಳೆ ಎಂದು ಹೇಳುತ್ತಿದ್ದರು. ಏಜೆನ್ಸಿ ಮೇಡಂ ವಾರಕ್ಕೊಮ್ಮೆ ಫೋನ್ ಮಾಡಿ ಅವಳ ಮಗುವಿನ ಆರೋಗ್ಯವನ್ನೂ ವಿಚಾರಿಸುತ್ತಿದ್ದಳು. ನಾನು ತಿಂಗಳಿಗೊಮ್ಮೆ ಸಿಗುವವಳು. ನಮ್ಮಿಬ್ಬರಲ್ಲಿ ಯಾರನ್ನು ನಂಬಬೇಕು ಎಂಬ ಪ್ರಶ್ನೆಗೆ ಅವಳು ತನಗೆ ತೋಚಿದ ಉತ್ತರ ಕಂಡುಕೊಂಡಳು. ಮೇಡಂಗೇ ಫೋನ್ ಮಾಡಿ, ಅಕ್ಕ ಹೀಗೆ ಹೇಳ್ತಿದಾರೆ, ಹೌದಾ ಎಂದು ಕೇಳಿದಳು.

ನಾನು ಮನೆ ಸೇರಿ ಕಾಲು ತೊಳೆಯುವಷ್ಟರಲ್ಲಿ ಮೇಡಂ ಫೋನ್ ಬಂತು. ಧ್ವನಿಯಲ್ಲಿ ಏನೂ ವ್ಯತ್ಯಾಸವಿಲ್ಲ.

“ಶಿಡ್ಲಘಟ್ಟಕ್ಕೆ ಹೋಗಿದ್ರಂತಲ್ಲ ಅಕ್ಕ. ಬಿಸಿಲಲ್ಲಿ ಬಸ್ಸಲ್ಲಿ ಯಾಕೆ ಹೋದ್ರಿ? ನನಗೆ ಒಂದ್ ಮಾತು ಹೇಳಿದ್ರೆ ಕಾರು ಕಳಿಸ್ತಿದ್ದೆ.”

ಗೆಳತಿಯನ್ನು ನೋಡಿ ಬಹಳ ದಿನವಾಗಿತ್ತು ಎಂದೆ.

“ಒಳ್ಳೇದು. ನೀವು ಎಲ್ರನ್ನೂ ನೋಡ್ಕೋತೀರಿ. ನಾನೂ ಅಷ್ಟೇ ಅಕ್ಕ. ನಿಮ್ಮ ಗ್ರೂಪಲ್ಲಿರೋ ಅಷ್ಟೂ ಜನದ ಆಧಾರು, ಪ್ಯಾನು ನಮ್ಮ ಹತ್ರ ಐತಲ್ಲ. ಎಲ್ರಿಗೂ ಒಂದೊಂದು ದಾರಿ ಮಾಡ್ಬೇಕು ಅಂತಲೇ ಇಟ್ಕೊಂಡಿದೀನಿ. ಯಾರಿಗೂ ತೊಂದ್ರೆ ಆಗ್ಬಾರ್ದು, ಅಲ್ವಾ?”

ಅವಳು ಗದರಲಿಲ್ಲ, ಬೆದರಿಸಲಿಲ್ಲ. ಊಟ ಮಾಡಿ ಅಕ್ಕ ಎಂದು ಹೇಳಿಯೇ ಫೋನ್ ಇಟ್ಟಳು. ನಾನು ಮಾತ್ರ ಆ ಫಾರಂ ತುಂಬಿದವರ ಮುಖಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತ ಕೂತೆ. ಎಲ್ಲರನ್ನೂ ಸಭೆಗೆ ಕರೆದವಳು ನಾನೇ ಆಗಿದ್ದೆ. ಆ ಕಡೆಯವರಿಗೆ ಗೊತ್ತಾಗಿದೆ, ಈಗಲಾದರೂ ವೈರು ಕೀಳಿಸಬೇಕು ಎಂಬುದು ಆ ಗಾಬರಿಯಲ್ಲಿ ಹೊಳೆಯಲೇ ಇಲ್ಲ.

ಬೆಳಗ್ಗೆ ಠಾಣೆ ತೆರೆದ ಹೊತ್ತಿಗೆ ಉಪನ್ಯಾಸಕಿ, ಗೆಳತಿ, ನಾನು ಮೂವರೂ ಅಲ್ಲಿದ್ದೆವು. ಸಬ್ ಇನ್‌ಸ್ಪೆಕ್ಟರ್ ನಮಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಧ್ಯೆ ಬಾಯಿ ಹಾಕದೆ ಎಲ್ಲವನ್ನೂ ಕೇಳಿ, ಫೋಟೋಗಳನ್ನು ದೊಡ್ಡದು ಮಾಡಿ ನೋಡಿದರು. ಅವರು ಕೇಳಿದ ಮೊದಲ ಪ್ರಶ್ನೆ, ಈ ಏಜೆನ್ಸಿಯನ್ನು ಇವರಿಗೆ ಪರಿಚಯ ಮಾಡಿಸಿದ್ದು ಯಾರು. ನಾನು ಎಂದೆ. ನನ್ನ ಹೆಸರನ್ನು ಬರೆದುಕೊಂಡು ಅದರ ಕೆಳಗೆ ಗೆರೆ ಎಳೆದರು. ಆಮೇಲೆ ಕಂಪ್ಯೂಟರ್ ಬಲ್ಲ ಪೇದೆಯೊಬ್ಬರನ್ನು ಕರೆದು, ಜೀಪು ತೆಗೆಯಲು ಹೇಳಿದರು.

ಶಿಡ್ಲಘಟ್ಟದ ದಾರಿಯಲ್ಲಿರುವಾಗ ಗೆಳತಿಯ ಫೋನ್ ಬಡಿದುಕೊಂಡಿತು. ಅತ್ತೆ. ಮನೆ ಮುಂದೆ ಒಬ್ಬ ಬಂದು ನಿಂತಿದ್ದಾನೆ, ಲ್ಯಾಪ್‌ಟಾಪ್ ರಿಪೇರಿಗೆ ಒಯ್ಯಬೇಕು ಎನ್ನುತ್ತಾನೆ, ಏನು ಮಾಡಲಿ? ಗೆಳತಿ ಜೀಪಿನ ಕಂಬಿ ಹಿಡಿದುಕೊಂಡು, ಬಾಗಿಲು ತೆಗೀಬೇಡಿ ಅತ್ತೆ ಎಂದಳು. “ಏ, ಗಂಡಸರಿಲ್ದಾಗ ನಾನ್ಯಾಕಮ್ಮ ತೆಗೀತೀನಿ,” ಎಂಬ ಉತ್ತರ ನಮಗೆಲ್ಲ ಕೇಳಿಸಿತು.

ನಾವು ತಲುಪುವ ಹೊತ್ತಿಗೆ ಅವನು ಹೋಗಿದ್ದ. ಬಾಗಿಲು ಬಡಿದು ಬಡಿದು, ಆಮೇಲೆ ಒಳಕೋಣೆಯ ಕಿಟಕಿಗೆ ಮುಖವಿಟ್ಟು ಬಹಳ ಹೊತ್ತು ನೋಡುತ್ತಿದ್ದನಂತೆ. ಹೋಗುವಾಗ ಅತ್ತೆಯ ಹೆಸರು ಹಿಡಿದು ಕರೆದು ಬರ್ತೀನಮ್ಮ ಎಂದನಂತೆ. ತಮ್ಮ ಹೆಸರು ಅವನಿಗೆ ಯಾರು ಹೇಳಿದರು ಎಂದು ಅತ್ತೆ ಅದೊಂದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು.

ಒಳಗೆ ಹೋಗಿ ಪರದೆ ನೋಡಿದೆವು. ಅಂಗಡಿಯಿಂದ ಹೊಸದಾಗಿ ತಂದ ಲ್ಯಾಪ್‌ಟಾಪಿನಂತೆ ಅದು, ನಿಮ್ಮ ಭಾಷೆ ಆರಿಸಿಕೊಳ್ಳಿ ಎಂದು ಕೇಳುತ್ತ ಕೂತಿತ್ತು. ಒಳಗಿದ್ದದ್ದನ್ನೆಲ್ಲ ದೂರದಿಂದಲೇ ಅಳಿಸಿದ್ದರು. ಹಿಂದಿನ ದಿನವೇ ವೈರು ಕಿತ್ತಿದ್ದರೆ ಅದು ಉಳಿಯುತ್ತಿತ್ತು. ಉಪನ್ಯಾಸಕಿ ನನ್ನ ಪಕ್ಕದಲ್ಲೇ ನಿಂತಿದ್ದರು. ನಾನು ಹೇಳಿರಲಿಲ್ಲವೇ ಎಂದು ಅವರು ಯಾವತ್ತೂ ಅನ್ನಲಿಲ್ಲ. ಪೇದೆ ಕೈಗವಸು ಹಾಕಿಕೊಂಡು ಕಪ್ಪು ಡಬ್ಬಿಯನ್ನು ಬಿಚ್ಚಿ ಚೀಲಕ್ಕೆ ಹಾಕಿದರು. ಲ್ಯಾಪ್‌ಟಾಪಿನ ತಳದಲ್ಲಿ ಏಜೆನ್ಸಿಯ ಚೀಟಿ ಅಂಟಿಸಿದ್ದರು. ಅದನ್ನು ಸುಲಿದಾಗ ಕೆಳಗೆ ನಿಜವಾದ ಕಂಪನಿಯ ಹೆಸರು ಸಿಕ್ಕಿತು. ಡಬ್ಬಿ, ಆ ಹೆಸರು, ನನ್ನ ಫೋಟೋಗಳು, ಇಷ್ಟರ ಮೇಲೆ ಗೆಳತಿಯ ದೂರು ದಾಖಲಾಯಿತು. ದೂರು ಕೊಟ್ಟವಳು ಅವಳೇ ಆದ್ದರಿಂದ ಆ ಕಂಪನಿಯವರು ಮುಂದೆ ಅವಳ ಮಾತನ್ನು ನಂಬಿದರು.

ಗೌರಿಬಿದನೂರಿನಲ್ಲಿ ನಮಗೆ ಸಿಕ್ಕಿದ್ದು ಖಾಲಿ ಮೇಜು. ಬೆಳಗ್ಗೆಯೇ ಒಬ್ಬರು ಕಾರಿನಲ್ಲಿ ಬಂದು ಲ್ಯಾಪ್‌ಟಾಪ್, ಡಬ್ಬಿ, ವೈರು ಎಲ್ಲ ಒಯ್ದಿದ್ದರು. ಹೊಸದು ಕಳಿಸುತ್ತೇವೆ ಎಂದಿದ್ದರು. ಅವಳ ಮಾವ ಸಬ್ ಇನ್‌ಸ್ಪೆಕ್ಟರಿಗೆ ಕುರ್ಚಿ ಹಾಕಿ, ನಮ್ಮ ಮನೆಯಲ್ಲಿ ಏನೂ ನಡೆದಿಲ್ಲ, ದೂರು ಗೀರು ಬೇಡ, ಹೆಣ್ಣುಮಗಳ ಹೆಸರು ಠಾಣೆಯಲ್ಲಿ ಬರುವುದು ಬೇಡ ಎಂದರು. ಅವಳು ಬಾಗಿಲ ಮರೆಯಲ್ಲಿ ನಿಂತಿದ್ದಳು. ನಾನು ಹತ್ತಿರ ಹೋದಾಗ, “ಮೇಡಂ ಇವತ್ತು ಸಂಜೆ ಫೋನ್ ಮಾಡ್ತೀನಿ ಅಂದಿದಾರೆ ಅಕ್ಕ,” ಎಂದಳು. ಆ ಸಂಜೆಯಿಂದ ಮೇಡಂ ನಂಬರು ಚಾಲ್ತಿಯಲ್ಲಿಲ್ಲ.

ಮುಂದಿನ ಶನಿವಾರದ ಸಭೆಯಲ್ಲಿ ನಡೆದದ್ದನ್ನೆಲ್ಲ ಎಲ್ಲರ ಮುಂದೆ ಹೇಳಿದೆ. ಆಧಾರಿಗೆ ಬೀಗ ಹಾಕುವುದು ಹೇಗೆ, ತಮ್ಮ ಹೆಸರಿನಲ್ಲಿ ಎಲ್ಲೆಲ್ಲಿ ಖಾತೆ, ಸಿಮ್ಮು ಇವೆ ಎಂದು ನೋಡುವುದು ಹೇಗೆ ಎಂದು ಉಪನ್ಯಾಸಕಿ ಒಬ್ಬೊಬ್ಬರ ಮೊಬೈಲಿನಲ್ಲೂ ಮಾಡಿಸಿದರು. ಕೆಲವರು ಬೈದರು. ಬೈಯುವ ಹಕ್ಕು ಅವರಿಗಿತ್ತು. ಅರ್ಧದಷ್ಟು ಜನ ಮತ್ತೆ ಬರಲಿಲ್ಲ.

ಗೌರಿಬಿದನೂರಿನವಳಿಗೆ ಬೇರೆ ರಾಜ್ಯದ ಪೊಲೀಸರಿಂದ ನೋಟಿಸ್ ಬಂತು. ಅವಳ ಹೆಸರಿನಲ್ಲಿದ್ದ ಲ್ಯಾಪ್‌ಟಾಪಿನಿಂದ ಒಂದು ಕಂಪನಿಯ ಗ್ರಾಹಕರ ಮಾಹಿತಿ ಹೊರಗೆ ಹೋಗಿತ್ತು. ಆ ಲ್ಯಾಪ್‌ಟಾಪ್ ಎಲ್ಲಿ ಎಂದರೆ ಕೊಟ್ಟೆ ಎನ್ನಬೇಕು, ಯಾರಿಗೆ ಎಂದರೆ ಗೊತ್ತಿಲ್ಲ ಎನ್ನಬೇಕು. ಅವಳು ನನಗೆ ಫೋನ್ ಮಾಡಿದಳು. ನಾನೂ ಉಪನ್ಯಾಸಕಿಯೂ ವಕೀಲರನ್ನು ಹಿಡಿದೆವು. ಶಿಡ್ಲಘಟ್ಟದ ದೂರಿನ ಪ್ರತಿಯನ್ನು ಅವಳ ಹೇಳಿಕೆಯ ಜೊತೆ ಸೇರಿಸಿದೆವು. ಅವಳನ್ನು ಬಂಧಿಸಲಿಲ್ಲ, ಆದರೆ ಪ್ರಕರಣ ಇನ್ನೂ ಮುಗಿದಿಲ್ಲ. ಕರೆದಾಗಲೆಲ್ಲ ನಮ್ಮಲ್ಲಿ ಒಬ್ಬರು ಅವಳ ಜೊತೆ ರೈಲು ಹತ್ತುತ್ತೇವೆ. ಅವಳ ಮೇಜನ್ನು ಮಾವ ದನದ ಕೊಟ್ಟಿಗೆಗೆ ಸಾಗಿಸಿ ಅದರ ಮೇಲೆ ಹಿಂಡಿ ಮೂಟೆ ಇಡಿಸಿದ್ದಾರೆ.

ಶಿಡ್ಲಘಟ್ಟದ ಗೆಳತಿ ಮಾತ್ರ ಹಟಕ್ಕೆ ಬಿದ್ದವಳಂತೆ ಓದಿದಳು. ಪ್ರತಿ ಭಾನುವಾರ ನಮ್ಮ ಮನೆಗೆ ಬಂದು ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸಕ್ಕೆ ತಯಾರಾದಳು. ಇಷ್ಟು ವರ್ಷ ಮನೆಯಲ್ಲಿ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆಗೆ ತಲೆತಗ್ಗಿಸದೆ ಉತ್ತರ ಹೇಳುವುದನ್ನು ಕಲಿತಳು. ಕೊನೆಗೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಎಲ್ಲ ಸುತ್ತುಗಳನ್ನೂ ದಾಟಿದಳು. ಕೆಲಸದ ಪತ್ರ ಬರಬೇಕು ಅನ್ನುವಾಗ ಅವರಿಂದ ಒಂದು ಮೇಲ್ ಬಂತು. ನೀವು ಈಗಾಗಲೇ ಬೇರೊಂದು ಕಂಪನಿಯಲ್ಲಿ ಕೆಲಸದಲ್ಲಿದ್ದೀರಿ, ಅದನ್ನು ಯಾಕೆ ಮುಚ್ಚಿಟ್ಟಿರಿ?

ಭವಿಷ್ಯನಿಧಿಯ ದಾಖಲೆಯಲ್ಲಿ ಅವಳ ಹೆಸರಿಗೆ ತಿಂಗಳು ತಿಂಗಳು ಹಣ ಬೀಳುತ್ತಿತ್ತು. ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ಅವಳದಾಗಿರಲಿಲ್ಲ. ಪೊಲೀಸರು ಹಿಡಿದ ಕಂಪನಿ ಒಂದು, ಇದು ಇನ್ನೊಂದು. ಇದರ ಲ್ಯಾಪ್‌ಟಾಪ್ ಯಾವ ಊರಿನ ಯಾರ ಮನೆಯಲ್ಲಿ ಇತ್ತೋ. ನಾವು ಆ ಕಂಪನಿಗೆ ವಿವರವಾಗಿ ಬರೆದು, ದೂರಿನ ಪ್ರತಿ ಸೇರಿಸಿ ಕಳಿಸಿದೆವು. ಮೂರು ಸಾಲಿನ ಉತ್ತರ ಬಂತು. ನಮ್ಮ ಉದ್ಯೋಗಿಯನ್ನೇ ವಿಚಾರಿಸಿದ್ದೇವೆ. ಆ ಪತ್ರ ತಾವು ಬರೆದದ್ದಲ್ಲ, ಯಾರೋ ತಮ್ಮ ಹೆಸರು ಬಳಸಿಕೊಳ್ಳುತ್ತಿದ್ದಾರೆ ಎಂದು ಅವರು ತಿಳಿಸಿದ್ದಾರೆ. ದಯವಿಟ್ಟು ಮತ್ತೆ ಬರೆಯಬೇಡಿ.

ಗೆಳತಿ ಅದನ್ನು ಎರಡು ಸಲ ಓದಿದಳು. “ಬರ್ದಿದ್ದು ಸಾಕು ಅಕ್ಕ. ನಾನೇ ಹೋಗ್ತೀನಿ. ನೀವೂ ಬನ್ನಿ,” ಎಂದಳು.

ಆ ಕಂಪನಿಯ ಬೆಂಗಳೂರಿನ ಕಚೇರಿಗೆ ಹೋದೆವು. ದೊಡ್ಡ ಕಟ್ಟಡ, ತಣ್ಣನೆಯ ಹಜಾರ. ಸ್ವಾಗತದ ಮೇಜಿನಲ್ಲಿ ಗೆಳತಿ ತನ್ನ ಹೆಸರು ಹೇಳಿದಾಗ, ಅಲ್ಲಿದ್ದವಳು ಕಂಪ್ಯೂಟರಿನಲ್ಲಿ ನೋಡಿ, ಗುರುತಿನ ಕಾರ್ಡ್ ಮರೆತು ಬಂದಿದ್ದೀರಾ ಎಂದು ಕೇಳಿದಳು. ಇಲ್ಲ, ನನ್ನ ಮ್ಯಾನೇಜರನ್ನು ಕರೆಯಿರಿ ಎಂದಳು ಗೆಳತಿ. ಕೆಳಗೆ ಬಂದವರು ಐವತ್ತರ ಹತ್ತಿರದ ಕನ್ನಡದವರು. ಅವಳನ್ನು ಕಂಡದ್ದೇ ಗುರುತು ಹಿಡಿದರು. ಮುಖದಲ್ಲಿ ಮರುಕ ಕಾಣಿಸಿತು.

“ಬನ್ನಿಮ್ಮ. ಇಷ್ಟು ಬೇಗ ಯಾಕೆ ಬಂದ್ರಿ? ತಾಯಿಯವರು ಹೋಗ್ಬಿಟ್ರು ಅಂತ ಕೇಳಿ ನಮಗೆಲ್ಲ ತುಂಬಾ ಬೇಜಾರಾಯ್ತು. ಇನ್ನೂ ನಾಲ್ಕು ದಿನ ರಜೆ ತಗೋಬಹುದಿತ್ತು.”

ಗೆಳತಿ ಒಮ್ಮೆ ನನ್ನ ಕಡೆ ನೋಡಿದಳು. ಅವಳ ತಾಯಿ ಕೈವಾರದ ಹತ್ತಿರದ ಊರಿನಲ್ಲಿ ಮಗನ ಜೊತೆ ಇದ್ದಾರೆ. ಬೆಳಗ್ಗೆ ತಾನೇ ಬಸ್ಸಿನಲ್ಲಿ ಅವರ ಮಾತು ಬಂದಿತ್ತು. ಅವಳು ಚೀಲದಿಂದ ಮೂಲ ಅಂಕಪಟ್ಟಿ, ಆಧಾರ್, ದೂರಿನ ಪ್ರತಿ ತೆಗೆದು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟಳು.

“ಸರ್, ನಾನು ನಿಮ್ಮಲ್ಲಿ ಒಂದು ದಿನವೂ ಕೆಲಸ ಮಾಡಿಲ್ಲ,” ಎಂದಳು. “ನಮ್ಮಮ್ಮ ಚೆನ್ನಾಗಿದಾರೆ.”

ಅವರು ಅವಳ ಬಾಯನ್ನೇ ನೋಡಿದರು. ಸಭೆಗಳಲ್ಲಿ ಆ ಉದ್ಯೋಗಿ ಕ್ಯಾಮೆರಾ ಹಾಕಿದ್ದು ಎರಡು ಮೂರು ಸಲವಂತೆ, ಆಗ ಕಂಡದ್ದು ಇದೇ ಮುಖ. ಆದರೆ ಮಾತೆಲ್ಲ ಇಂಗ್ಲಿಷಿನಲ್ಲಿ, ಬಾಯಲ್ಲಿ ಕನ್ನಡ ಬಂದದ್ದು ಇದೇ ಮೊದಲಂತೆ. ನಿಂತಲ್ಲೇ ತಮ್ಮ ಲ್ಯಾಪ್‌ಟಾಪ್ ತೆರೆದು ನಮ್ಮ ಕಡೆ ತಿರುಗಿಸಿದರು. ಅವಳ ಫೋಟೋ, ಅವಳ ಹೆಸರು, ಪಕ್ಕದಲ್ಲಿ ಹಸಿರು ಚುಕ್ಕೆ. ಅವರು, ಇದ್ದೀರಾ ಎಂದು ಇಂಗ್ಲಿಷಿನಲ್ಲಿ ಬರೆದರು.

ಇದ್ದೇನೆ ಸರ್, ಹೇಳಿ ಎಂದು ಉತ್ತರ ಬಂತು.

ಅದನ್ನು ಮೂವರೂ ಓದಿದೆವು. ಆಮೇಲೆ ಅವರು ಯಾರಿಗೋ ಫೋನ್ ಮಾಡಿದರು. ಭದ್ರತೆಯವರು ಬಂದರು, ನಾವು ಹೇಳಿಕೆ ಬರೆದುಕೊಟ್ಟೆವು. ನಮ್ಮ ಕಣ್ಣೆದುರಿಗೇ ಆ ಖಾತೆಯನ್ನು ಮುಚ್ಚಿದರು. ಇವರು ನಮ್ಮ ಉದ್ಯೋಗಿ ಅಲ್ಲ, ಎಂದೂ ಆಗಿರಲಿಲ್ಲ ಎಂಬ ಪತ್ರ ಸಂಜೆಯ ಹೊತ್ತಿಗೆ ಕೈಗೆ ಬಂತು. ಬೀಳ್ಕೊಡುವಾಗ ಮ್ಯಾನೇಜರ್ ಕೈಮುಗಿದರು. ಆ ಪತ್ರ ತೋರಿಸಿದ ಮೇಲೆ ಹೊಸ ಕಂಪನಿಯವರು ಅವಳನ್ನು ಕೆಲಸಕ್ಕೆ ಸೇರಿಸಿಕೊಂಡರು. ಈಗ ಅವಳು ಅಲ್ಲಿಯೇ ಇದ್ದಾಳೆ. ಆದರೂ ತಿಂಗಳಿಗೊಮ್ಮೆ ಭವಿಷ್ಯನಿಧಿಯ ದಾಖಲೆ ತೆಗೆದು, ತನ್ನ ಹೆಸರು ಮತ್ತೆಲ್ಲಾದರೂ ಕೆಲಸಕ್ಕೆ ಸೇರಿದೆಯೇ ಎಂದು ನೋಡುತ್ತಾಳೆ. ಏಜೆನ್ಸಿ ಮೇಡಂ ಸಿಕ್ಕಿಲ್ಲ.

ಪತ್ರ ಕೈಗೆ ಬಂದ ಆ ಸಂಜೆ, ಬಸ್ಸು ದೇವನಹಳ್ಳಿ ದಾಟುವಾಗ ಗೆಳತಿ ನನ್ನ ಪಕ್ಕದಲ್ಲಿದ್ದಳು. ಪತ್ರವಿದ್ದ ಚೀಲವನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದಳು. ಇದ್ದಕ್ಕಿದ್ದಂತೆ ಫೋನ್ ತೆಗೆದು ತಾಯಿಗೆ ಮಾಡಿದಳು.

“ಅಮ್ಮ, ಎಲ್ಲಿದೀಯ?”

ತಾಯಿಯ ಧ್ವನಿ ನನಗೂ ಕೇಳುತ್ತಿತ್ತು. ಎಲ್ಲಿರ್ತೀನಿ, ಮನೆಯಾಗೇ ಇದೀನಿ, ಈಗ ತಾನೇ ಟೊಮ್ಯಾಟೊ ಬಿಡಿಸಿ ಬಂದೆ, ಕಾಲು ಬಾವು ಬಂದೈತೆ, ಏನಮ್ಮ, ಏನಾಯ್ತು?

“ಏನೂ ಇಲ್ಲಮ್ಮ,” ಎಂದಳು. “ಸುಮ್ನೆ ಮಾತಾಡ್ತಿರು. ನಾನು ಕೇಳ್ತಿರ್ತೀನಿ.”

ತಾಯಿ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಪಕ್ಕದ ಮನೆಯವರ ಎಮ್ಮೆಯ ಸುದ್ದಿ ಶುರು ಮಾಡಿದರು. ಚಿಕ್ಕಬಳ್ಳಾಪುರದ ನಿಲ್ದಾಣ ಬಂತು, ನಾನು ಇಳಿಯಲು ಎದ್ದೆ. ಅವಳು ಫೋನನ್ನು ಕಿವಿಗೊತ್ತಿಕೊಂಡೇ ತಲೆಯಾಡಿಸಿ ನನ್ನನ್ನು ಕಳಿಸಿಕೊಟ್ಟಳು.